ಮಾವನನ್ನು ಕರಗಿಸಿದ ಲೆನ್ಸು

ನಮ್ಮ ಮನೆಯಲ್ಲಿ ಯಾರಾದರೂ ಡಿಗ್ರಿ ಮಾಡುವುದು ಆಗದ ಮಾತು ಎಂದು ಹೇಳಿದವರು ಅಜ್ಜಂಪುರದ ಮರುಳಪ್ಪ ಮಾವ, ಅಮ್ಮನ ಖಾಸಾ ಅಣ್ಣ. "ನಿಮ್ಮಪ್ಪನ ಕಡೆಯೋರಿಗೆ ಓದು ಹತ್ತಲ್ಲ ಕಣೇ ಗಿರಿಜಾ" ಎಂದು ನನ್ನ ಮುಖಕ್ಕೇ ಹೇಳಿದ್ದರು. ಚೌಳಹಿರಿಯೂರಿನಿಂದ ಕಡೂರಿಗೆ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತೇ ಬಿ.ಎ. ಮುಗಿಸಿದೆ. ಮನೆಗೆ ಮೊದಲ ಪದವಿ ತಂದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ: ಏನನ್ನು ಬೇಕಾದರೂ ಕಲಿತುಬಿಡಬಲ್ಲೆ ಅನ್ನಿಸುತ್ತದೆ. ನನಗದು ಕ್ಯಾಮೆರಾದ ರೂಪದಲ್ಲಿ ಬಂತು.

ಕೆಲಸ ಸಿಕ್ಕ ಮೇಲೆ ಸಂಬಳ ಕೂಡಿಟ್ಟು ಮಿರರ್‌ಲೆಸ್ ಕ್ಯಾಮೆರಾ ಕೊಂಡು, ಭಾನುವಾರಗಳಂದು ತರೀಕೆರೆಯ ಸ್ಟುಡಿಯೋ ಒಂದರಲ್ಲಿ ತರಗತಿಗೆ ಸೇರಿದೆ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮಿರರ್‌ಲೆಸ್ ಅಂದ್ರೆ ಕನ್ನಡಿ ಇಲ್ಲ ಅಂತ ತಾನೇ? ಸಾಮಾನು ಕಮ್ಮಿ ಹಾಕಿ ನಿನ್ ತಲೆಗೆ ಕಟ್ಟವ್ರೆ" ಅಂದರು. ನಾನು ವಿವರಿಸಲು ಹೋದೆ. ಪದವೀಧರರ ಎರಡನೆಯ ಕಾಯಿಲೆ ಅದು.

ನಮ್ಮ ಮೇಷ್ಟ್ರದೊಂದು ಪದ್ಧತಿ. ಕೊನೆಯ ದಿನ ಮನೆಯವರೊಬ್ಬರ ಚಿತ್ರ ತರಬೇಕು. ಚಿತ್ರದಲ್ಲಿರುವವರೇ ಬಂದು, "ಇದು ನಾನೇ" ಎಂದು ಎಲ್ಲರೆದುರು ಒಪ್ಪಿಕೊಂಡು, ಸರ್ಟಿಫಿಕೇಟನ್ನು ತಮ್ಮ ಕೈಯಾರೆ ಕೊಡಬೇಕು. ಒಪ್ಪದಿದ್ದರೆ ಸರ್ಟಿಫಿಕೇಟಿಲ್ಲ. ಆಗದ ಮಾತು ಎಂದವರ ಕೈಯಿಂದಲೇ ಈಸಿಕೊಳ್ಳಬೇಕೆಂಬ ಜಂಬದಲ್ಲಿ ನಾನು ಮಾವನ ಹೆಸರನ್ನೇ ಹೇಳಿದ್ದೆ.

ಅಷ್ಟರಲ್ಲಿ ತಂಗಿಯ ನಿಶ್ಚಿತಾರ್ಥ ಬಂತು. ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದರೆ ಮುಂದಿರುವವರು ಸ್ಪಷ್ಟ, ಹಿಂದಿನದೆಲ್ಲ ಬೆಣ್ಣೆಯಂತೆ ಕರಗುತ್ತದೆ ಎಂದು ಹೊಸದಾಗಿ ಕಲಿತಿದ್ದೆನಲ್ಲ, ಪೂರ್ತಿಯೇ ತೆರೆದೆ. ತಂಗಿಯ ರೆಪ್ಪೆಯ ಒಂದೊಂದು ಕೂದಲೂ ಎಣಿಸುವಂತೆ ಬಂತು. ಎರಡು ಮಾರು ಹಿಂದೆ, ಹೊಸ ಶಲ್ಯ ಹೊದ್ದು ಎದೆಯುಬ್ಬಿಸಿ ನಿಂತಿದ್ದ ಸೋದರಮಾವ ಕರಗಿಹೋದರು. ಫೋಟೋ ನೋಡಿದ ಕೂಡಲೇ ಮಾವ ಫೋನು ಮಾಡಿದರು: "ಎಲ್ಲಾ ನೆಂಟರ ಎದುರಿಗೆ ನನ್ನ ಅಳಿಸಿಹಾಕಿದೀಯಲ್ಲೇ! ನಾನೇನು ಒಲೆ ಹೊಗೆನಾ? ತರೀಕೆರೆಗೂ ಬರಲ್ಲ, ಎಲ್ಲಿಗೂ ಬರಲ್ಲ."

ಕ್ಯಾಮೆರಾ ಹೊತ್ತು ಅಜ್ಜಂಪುರಕ್ಕೆ ಓಡಿದೆ. ಬಹಳ ಗೋಗರೆದ ಮೇಲೆ ಮಾವ ಆಧಾರ್ ಕಾರ್ಡಿನ ಫೋಟೋಕ್ಕೆ ನಿಂತಂತೆ ಉಸಿರು ಬಿಗಿಹಿಡಿದು ಕೊಟ್ಟಿಗೆಯ ಮುಂದೆ ನಿಂತರು. ಈ ಕ್ಯಾಮೆರಾ ತಾನಾಗಿಯೇ ಕಣ್ಣು ಹುಡುಕಿ ಅದರ ಮೇಲೊಂದು ಚೌಕ ಕೂರಿಸುತ್ತದೆ; ಚೌಕ ಕೂತದ್ದೇ ಸ್ಪಷ್ಟ. ಮಾವನ ಕನ್ನಡಕ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು, ಕಣ್ಣೇ ಕಾಣುತ್ತಿರಲಿಲ್ಲ. ಚೌಕ ಅವರನ್ನು ಬಿಟ್ಟು ಹಿಂದಿದ್ದ ಎಮ್ಮೆಯ ಕಣ್ಣಿನ ಮೇಲೆ ಕೂತಿತು. ಪರದೆ ನೋಡಿದ ಮಾವ, "ಮತ್ತೆ ನಾನೇ ಹೊಗೆ! ಎಮ್ಮೆ ನೋಡು, ಮದುಮಗಳ ಹಂಗೈತೆ" ಎಂದು ಒಳಗೆ ಹೊರಟರು. ಅತ್ತೆ ಬಾಗಿಲಲ್ಲೇ ತಡೆದು, "ಸುಮ್ನೆ ನಿಂತ್ಕಳ್ರೀ, ಎಮ್ಮೆ ನಿಂತಿಲ್ವಾ?" ಎಂದರು. ಮಾವ ನಿಂತರು. ನಾನು ಕಿಂಡಿಯನ್ನು ಕಿರಿದು ಮಾಡಿ, ಚೌಕವನ್ನು ಬೆರಳಿನಿಂದ ಅವರ ಮೂಗಿನ ಮೇಲೆ ಎಳೆದು ತಂದೆ. ಈಗ ಮಾವ, ಎಮ್ಮೆ, ಕಟ್ಟಿದ ಹಗ್ಗ, ಗೋಡೆಯ ಬೆರಣಿ ಎಲ್ಲವೂ ಸ್ಪಷ್ಟ. ಕಲೆ ಸತ್ತಿತು, ನೆಂಟಸ್ತಿಕೆ ಉಳಿಯಿತು ಎಂದುಕೊಂಡೆ. ಬರುತ್ತೇನೆಂದು ಮಾವ ಆಗಲೂ ಹೇಳಲಿಲ್ಲ.

ಕೊನೆಯ ಭಾನುವಾರ ಶಲ್ಯ ಹೊದ್ದು ಬಂದೇಬಿಟ್ಟರು. ಮೇಷ್ಟ್ರು ಚಿತ್ರ ತೋರಿಸಿ, "ಯಜಮಾನ್ರೇ, ಇದು ನೀವೇನಾ?" ಎಂದರು. ಮಾವ ಕನ್ನಡಕ ಏರಿಸಿ ನೋಡಿದರು, ನೋಡುತ್ತಲೇ ಇದ್ದರು. ಬಿ.ಎ. ಫಲಿತಾಂಶಕ್ಕೂ ನಾನು ಹೀಗೆ ಕಾದಿರಲಿಲ್ಲ.

"ನಾನೇ ಕಣ್ರೀ. ತೆಗೆದೋಳು ನಮ್ಮ ಹುಡ್ಗಿ."

ನನ್ನ ಕಣ್ಣು ಮಂಜಾಯಿತು. ಮಾವ ಸರ್ಟಿಫಿಕೇಟನ್ನು ಕೈಗಿತ್ತು, ಕಿವಿಯ ಹತ್ತಿರ ಬಗ್ಗಿದರು. "ನಂದು ಒಂದು ಸಣ್ಣ ಫೋಟೋ ಸಾಕು ಕಣಮ್ಮ. ಎಮ್ಮೇದು ಮಾತ್ರ ದೊಡ್ಡದಾಗಿ ಹಾಕ್ಸಿಕೊಡು, ಮಾರೋವಾಗ ಬೇಕಾಗ್ತದೆ."