ಕಾರ್ಬನ್ ಬಟ್ಟೆ ಹೊದ್ದ ಸ್ಕೂಟರು

ದಾವಣಗೆರೆ ಜಿಲ್ಲೆಯಾದ ಹೊಸತು. ಊರಿಗೇ ಬಡ್ತಿ ಸಿಕ್ಕಿರುವಾಗ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾದ ನಾನು ಹಿಂದೆ ಉಳಿಯಬಾರದು ಎಂಬ ಹುಮ್ಮಸ್ಸು ನನಗೂ ಇತ್ತು. ಆ ಬೇಸಿಗೆಯಲ್ಲಿ ಹರಿಹರದಿಂದ ಬರುವಾಗ ನನ್ನ ಸ್ಕೂಟರಿನ ಎಡಪಕ್ಕದ ತಗಡಿನ ಕವರು ಕಳಚಿ ರಸ್ತೆಗೆ ಬಿತ್ತು. ಗಾಡಿ ನಿಲ್ಲಿಸಿ ಹಿಂತಿರುಗಿ ನೋಡುವಷ್ಟರಲ್ಲಿ ಲಾರಿಯೊಂದು ಅದರ ಮೇಲೆ ಹಾದುಹೋಗಿತ್ತು. ಎತ್ತಿಕೊಂಡಾಗ ರೊಟ್ಟಿಯ ಹಾಗಿತ್ತು.

ಬೇರೆ ಯಾರೇ ಆಗಿದ್ದರೂ ಹೊಸದು ತರುತ್ತಿದ್ದರು. ನನಗೆ ನೆನಪಾದದ್ದು ಹೆಂಡತಿ ಗಿರಿಜಾಳ ತಮ್ಮ ರುದ್ರೇಶ. ಅವನು ಹರಿಹರದ ಕಾರ್ಖಾನೆಯೊಂದರಲ್ಲಿ ಅಚ್ಚು ತಯಾರಿಸುವ ವಿಭಾಗದಲ್ಲಿದ್ದ. ಅವನ ಮನೆಯಲ್ಲಿ ಒಂದು ಕಪ್ಪು ಬಟ್ಟೆಯ ಸುರುಳಿ ನೋಡಿದ್ದೆ.

"ಇದು ಕಾರ್ಬನ್ ಫೈಬರ್ ಭಾವ. ವಿಮಾನಕ್ಕೆ ಹಾಕ್ತಾರೆ. ಯಾರೋ ಸ್ಯಾಂಪಲ್ ಕೊಟ್ಟು ಹೋಗ್ಯಾರೆ, ನಮಗೇನೂ ಉಪಯೋಗ ಇಲ್ಲ," ಎಂದಿದ್ದ.

ಮುಟ್ಟಿದರೆ ರೇಷ್ಮೆಯಂತೆ ಜಾರುವ, ಮಡಚಿದರೆ ಕರ್ಚೀಫಿನಂತೆ ಮಡಚಿಕೊಳ್ಳುವ ಬಟ್ಟೆ. ಇದು ಕಬ್ಬಿಣಕ್ಕಿಂತ ಗಟ್ಟಿಯಾಗುವುದಾದರೂ ಹೇಗೆ? ಈ ಪ್ರಶ್ನೆ ನನ್ನ ನಿದ್ದೆಗೆಡಿಸಿತು. ಬಟ್ಟೆ, ಒಂದು ಡಬ್ಬಿ ಎಪಾಕ್ಸಿ ಅಂಟು, ಅದನ್ನು ಗಟ್ಟಿ ಮಾಡುವ ಹಾರ್ಡನರಿನ ಬಾಟಲಿ, ಮೂರನ್ನೂ ಇಸಿದುಕೊಂಡು ಬಂದೆ.

"ತೂಕ ಮಾಡಿ ಹಾಕ್ರಿ, ಕಣ್ಣಂದಾಜು ಬ್ಯಾಡ. ಒಂದೇ ಸಲ ಜಾಸ್ತಿ ಕಲಸಬ್ಯಾಡ್ರಿ. ಅಚ್ಚಿಗೆ ಮೇಣ ಚೆನ್ನಾಗಿ ತಿಕ್ಕ್ರಿ, ಇಲ್ಲಾಂದ್ರೆ ಬಿಡಂಗಿಲ್ಲ," ಎಂದು ರುದ್ರೇಶ ಹೇಳುತ್ತಲೇ ಇದ್ದ. ವಿಜ್ಞಾನದ ಮೇಷ್ಟ್ರಿಗೇ ಪಾಠವೇ ಎಂದು ಒಳಗೊಳಗೇ ನಕ್ಕೆ.

ಭಾನುವಾರ ಬೆಳಿಗ್ಗೆ ಕೆ.ಬಿ. ಬಡಾವಣೆಯ ನಮ್ಮ ಮನೆಯಂಗಳ ಪ್ರಯೋಗಶಾಲೆಯಾಯಿತು. ಸ್ನಾನದ ಮಗ್ಗಿಗೆ ಅರ್ಧದಷ್ಟು ಅಂಟು ಸುರಿದು, ಬೇಗ ಗಟ್ಟಿಯಾಗಲಿ ಎಂದು ಹಾರ್ಡನರನ್ನು ಧಾರಾಳವಾಗಿ ಹಾಕಿ ಕಲಸಿದೆ. ಆಮೇಲೆ ಬಟ್ಟೆ ಕತ್ತರಿಸಲು ಕೂತೆ. ಕತ್ತರಿ ಹಾಕಿದ ಕಡೆಯೆಲ್ಲ ಎಳೆ ಬಿಚ್ಚಿಕೊಂಡು ಗಾಳಿಗೆ ಹಾರಿತು. ಅಷ್ಟರಲ್ಲಿ ಮಗ್ಗು ಬೆಚ್ಚಗಾಯಿತು. ಒಲೆ ಇಲ್ಲ, ಬೆಂಕಿ ಇಲ್ಲ, ಆದರೂ ಬಿಸಿ. ನನಗೆ ಪರಮಾನಂದವಾಯಿತು.

"ಗಿರಿಜಾ, ಬಾ ಇಲ್ಲಿ. ಮುಟ್ಟಿ ನೋಡು, ಹೆಂಗೆ ಬಿಸಿ ಆಗೈತೆ."

ಗಿರಿಜಾ ಬಂದು ನೋಡಿದಳು. "ಬಿಸಿ ಇರ್ಲಿ, ಹೊಗೆ ಯಾಕ ಬರ್ತಾ ಐತೆ?"

ಹೊಗೆ ಬರುತ್ತಿತ್ತು. ಮಗ್ಗಿನ ತಳ ಮೆತ್ತಗಾಗಿ ಒಂದು ಕಡೆ ವಾಲಿತು. ಗಿರಿಜಾ ಒಂದು ಬಕೆಟ್ ಮರಳು ತಂದು ಸುರಿದಳು. ತಣ್ಣಗಾದ ಮೇಲೆ ನೋಡಿದರೆ ಮಗ್ಗು, ಅಂಟು, ಮರಳು, ನಾನು ಕಲಸಲು ಬಳಸಿದ ಅವಳ ಸೌಟು ಎಲ್ಲವೂ ಸೇರಿ ಒಂದೇ ಕಲ್ಲಾಗಿದ್ದವು. ಗಟ್ಟಿಯಂತೂ ಆಗುತ್ತದೆ ಎಂಬುದು ಸಾಬೀತಾಯಿತು.

ಮುಂದಿನ ವಾರ ಸ್ವಲ್ಪ ಸ್ವಲ್ಪವೇ ಕಲಸಿದೆ. ನನ್ನ ಸ್ಕೂಟರಿನ ಬಲಪಕ್ಕದ ಕವರನ್ನೇ ಅಚ್ಚು ಮಾಡಿಕೊಂಡು, ಮೇಣ ತಿಕ್ಕಿ, ಅದರ ಮೇಲೆ ಬಟ್ಟೆ ಹಾಸಿ, ಬ್ರಷ್ಷಿನಿಂದ ಅಂಟು ಕುಡಿಸಿ, ಹೀಗೆ ನಾಲ್ಕು ಪದರ ಹಾಕಿದೆ. ಮಾರನೆಯ ದಿನ ಅದು ಕಳಚಿ ಕೈಗೆ ಬಂದಾಗ ನನ್ನ ಎದೆ ಉಬ್ಬಿತು. ಕಪ್ಪಗೆ ಹೊಳೆಯುವ, ಹಕ್ಕಿಯಷ್ಟು ಹಗುರಾದ ಕವರು. ಒಯ್ದು ಸ್ಕೂಟರಿನ ಎಡಪಕ್ಕಕ್ಕೆ ಹಿಡಿದೆ. ಕೂರಲಿಲ್ಲ. ತಲೆಕೆಳಗು ಹಿಡಿದೆ. ಹಿಂದುಮುಂದು ಹಿಡಿದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗಿರಿಜಾ ಕೊನೆಗೆ ಕೇಳಿದಳು. "ರೀ, ಬಲಗಾಲಿನ ಚಪ್ಪಲಿ ಅಳತೆ ಕೊಟ್ಟು ಎಡಗಾಲಿಂದು ಬರ್ತದೆ ಅನ್ಕೊಂಡಿದ್ರಾ?"

ಹದಿನೈದು ವರ್ಷ ಮಕ್ಕಳಿಗೆ ಕನ್ನಡಿಯ ಪ್ರತಿಬಿಂಬದ ಪಾಠ ಮಾಡಿದವನು ನಾನು.

ಎಡಪಕ್ಕದ ಅಚ್ಚು ಬೇಕಾಗಿತ್ತು. ಪಕ್ಕದ ಮನೆಯ ಅಕ್ಕಿ ವ್ಯಾಪಾರಿ ಚನ್ನಬಸಪ್ಪನವರದೂ ಅದೇ ಸ್ಕೂಟರು. ಕೇಳಿದ ತಕ್ಷಣ ಕಳಚಿ ಕೊಟ್ಟರು.

"ಗುರುವಾರ ಬೆಳಿಗ್ಗೆ ಬೇಕ್ರಿ ಮೇಷ್ಟ್ರೇ. ಮಗನಿಗೆ ಹೆಣ್ಣು ನೋಡಾಕ ಮಲೆಬೆನ್ನೂರಿಗೆ ಹೋಗೋದೈತೆ."

ಬುಧವಾರವೇ ಕೊಡುವೆನೆಂದು ಮಾತು ಕೊಟ್ಟೆ. ಮೇಣ ಮುಗಿದಿತ್ತು. ಜಾರುವುದು ತಾನೇ ಮುಖ್ಯ ಎಂದು ಕೊಬ್ಬರಿ ಎಣ್ಣೆ ಸವರಿದೆ. ಈ ಸಲ ಗಟ್ಟಿಯಾಗಿರಲಿ ಎಂದು ಆರು ಪದರ ಹಾಕಿದೆ. ಬುಧವಾರ ಬೆಳಿಗ್ಗೆ ಎಳೆದೆ. ಬರಲಿಲ್ಲ. ಉಳಿ ಬಡಿದೆ, ಉಳಿಯ ಮೂತಿ ಸೊಟ್ಟಗಾಯಿತು. ಬಿಸಿನೀರು ಸುರಿದೆ. ಕೊನೆಗೆ ಗಿರಿಜಾ ಒಂದು ತುದಿ ಹಿಡಿದು, ನಾನು ಇನ್ನೊಂದು ತುದಿ ಹಿಡಿದು ಜಗ್ಗಿದೆವು. ನಾವಿಬ್ಬರೂ ಬೇರೆಯಾದೆವು, ಕವರುಗಳು ಆಗಲಿಲ್ಲ.

ಗುರುವಾರ ಬೆಳಿಗ್ಗೆ ಚನ್ನಬಸಪ್ಪನವರು ಗರಿಗರಿ ಪಂಚೆಯುಟ್ಟು ಬಂದರು. ನಾನು ಆ ಕರಿಯ ವಸ್ತುವನ್ನು ಎರಡೂ ಕೈಯಲ್ಲಿ ಒಪ್ಪಿಸಿದೆ.

"ಇದು ನಿಮ್ಮದಾಯ್ತು. ನನ್ನದೆಲ್ಲಿ?"

"ಒಳಗೈತ್ರಿ."

ಅವರು ತಿರುಗಿಸಿ ನೋಡಿದರು. ಒಳಗೆ ಅವರ ತಿಳಿನೀಲಿ ತಗಡು ಕಾಣುತ್ತಿತ್ತು. ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಅದನ್ನೇ ಸ್ಕೂಟರಿಗೆ ಸಿಕ್ಕಿಸಿ, ಮಗನನ್ನು ಕೂರಿಸಿಕೊಂಡು ಹೊರಟರು. ಒಂದು ಕಡೆ ತಿಳಿನೀಲಿ, ಇನ್ನೊಂದು ಕಡೆ ಕಡುಕಪ್ಪು. ಸಂಬಂಧ ಮುರಿದರೆ ಏನು ಗತಿ ಎಂದು ದಿನವಿಡೀ ನನಗೆ ಊಟ ಸೇರಲಿಲ್ಲ.

ಸಂಜೆ ಕಿಟಕಿಯಿಂದ ನೋಡಿದೆ. ಚನ್ನಬಸಪ್ಪನವರು ನಮ್ಮ ಮನೆಯ ಕಡೆಗೇ ಬರುತ್ತಿದ್ದರು, ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಭಾರಿ ವಸ್ತುವೊಂದಿತ್ತು. ನಾನು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡೆ.

"ಮೇಷ್ಟ್ರು ಅದಾರೇನವ್ವಾ?"

"ಊರಿಗೆ ಹೋಗ್ಯಾರ್ರಿ," ಎಂದಳು ಗಿರಿಜಾ.

"ಛೇ. ಸಂಬಂಧ ಕುದುರ್ತು. ಬೀಗರು ನಮ್ಮ ಗಾಡಿ ನೋಡಿ, ಗುದ್ದಿ ನೋಡಿ, ಭಾಳ ಮೆಚ್ಚಿದ್ರು. ವಿಮಾನದ ಮಾಲು, ಪಕ್ಕದ ಮನೆ ಮೇಷ್ಟ್ರು ಮಾಡ್ಯಾರ ಅಂದೆ. ಅವರ ಟ್ರಾಕ್ಟರಿನ ಮಡ್‌ಗಾರ್ಡ್ ಮುರಿದೈತಂತೆ, ಮೇಷ್ಟ್ರ ಕೈಲಿ ಒಂದೀಟು ಕಟ್ಟಿಸ್ರಿ ಅಂತ ಕೊಟ್ಟು ಕಳಿಸ್ಯಾರ."

ಬಾಯಿ ಮುಚ್ಚಿಕೊಂಡೇ ಇರಬೇಕೆಂದು ನಿಶ್ಚಯಿಸಿದೆ. ಆದರೆ ಟ್ರಾಕ್ಟರಿನ ಮಡ್‌ಗಾರ್ಡ್ ಎಂದರೆ ಸಣ್ಣ ವಸ್ತುವೇ? ಅದರ ಮೇಲೆ ಆಳು ಕೂರುತ್ತಾನೆ. ಎಷ್ಟು ಪದರ ಬೇಕಾದೀತು?

"ಎಲ್ಲಿ ಮುರಿದೈತ್ರಿ? ಅಂಚಿಗೋ, ನಡುವಿಗೋ?" ಎಂಬ ಧ್ವನಿ ಬಚ್ಚಲುಮನೆಯಿಂದ ಹೊರಟುಹೋಯಿತು.

ಹೊರಗೆ ಗೋಣಿಯ ಗಂಟು ನೆಲಕ್ಕಿಳಿದ ಸದ್ದಾಯಿತು.

"ಊರಿಗೆ ಹೋದೋರು," ಎಂದರು ಚನ್ನಬಸಪ್ಪನವರು ನಿಧಾನವಾಗಿ, "ಧ್ವನಿ ಇಲ್ಲೇ ಬಿಟ್ಟು ಹೋಗ್ಯಾರೇನವ್ವಾ?"

ನಾನು ಮುಖಕ್ಕೆ ನೀರು ಹಾಕಿಕೊಂಡು, ಈಗತಾನೇ ಬಸ್ಸಿಳಿದವನಂತೆ ಹೊರಗೆ ಬಂದೆ.