ಮಾವನ ಕಾರಿಗೆ ಒಂದು ಕೊಡ ನೀರು

ಲೋಕದ ಕಾರುಗಳೆಲ್ಲ ಪೆಟ್ರೋಲಿನಿಂದಲೋ ಡೀಸೆಲಿನಿಂದಲೋ ಓಡುತ್ತವೆ ಎಂದು ನೀವು ನಂಬಿದ್ದರೆ, ನಿಮಗೆ ನನ್ನ ಸೋದರಮಾವನ ಪರಿಚಯವಿಲ್ಲ ಎಂದೇ ಅರ್ಥ. ಅವರ ಕಾರು ಓಡುತ್ತಿದ್ದುದು ಬಾವಿ ನೀರಿನಿಂದ! ಮುಂಬೈಯಲ್ಲಿ ಟ್ಯಾಕ್ಸಿ ಓಡಿಸಿ ಊರಿಗೆ ಮರಳುವಾಗ ಉಳಿದವರೆಲ್ಲ ಟಿವಿ, ಟೇಪ್‌ರೆಕಾರ್ಡರ್ ತಂದರೆ, ಮಾವ ನನಗಿಂತ ವಯಸ್ಸಿನಲ್ಲಿ ಹಿರಿದಾದ ಕಾರೊಂದನ್ನು ತಂದು ಬ್ರಹ್ಮಾವರದ ತಮ್ಮ ಮನೆಯಂಗಳದಲ್ಲಿ ನಿಲ್ಲಿಸಿದರು. ಐದು ಮೈಲಿ ಓಡಿದರೆ ಸಾಕು, ಅದರ ಮೂಗಿನಿಂದ ಹಬೆ!

ಅಲ್ಲಿಂದ ಬೈಂದೂರಿನವರೆಗೆ ಯಾವ ಬಾವಿಯ ನೀರು ಸಿಹಿ, ಯಾವುದು ಉಪ್ಪು ಎಂಬುದು ಮಾವನಿಗೆ ಬಾಯಿಪಾಠ. ಉಪ್ಪುನೀರು ಹಾಕಿದರೆ ರೇಡಿಯೇಟರಿಗೆ ತುಕ್ಕು ಹಿಡಿಯುತ್ತದಂತೆ. ಅದಕ್ಕೇ ಮೊದಲು ತಾವು ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನಾಲಗೆಯ ಮೇಲೆ ಹೊರಳಾಡಿಸಿ ತೀರ್ಪು ಕೊಡುವರು. ಕಡಲಂಚಿನ ಕೋಡಿ ಎಂಬಲ್ಲಿ ಹೆಂಗಸೊಬ್ಬಳು ಅಕ್ಕರೆಯಿಂದ ಕೊಟ್ಟ ನೀರನ್ನು ಪಿಚಕ್ಕನೆ ಉಗಿದು, "ಅಮ್ಮಾ, ಇದ್ರಗೆ ಉಪ್ಪಿತ್ತ್. ಮೀನ್ ಸಾರಿಗ್ ಅಡ್ಡಿಲ್ಲೆ, ಕಾರಿಗ್ ಆತ್ತಿಲ್ಲೆ" ಎಂದರು. "ನಾವ್ ದಿನಾ ಕುಡುದ್ ಇದನ್ನೇ ಮಾರಾಯ್ರೆ!" ಎಂದು ಅವಳು ಕೊಡಪಾನ ಕಿತ್ತುಕೊಂಡು ಹೋದಳು.

ರೇಡಿಯೇಟರ್ ಸೋರತೊಡಗಿದಾಗ ಮೆಕ್ಯಾನಿಕ್ಕಿಗೆ ತೋರಿಸಿ ಎಂದೆ. ತೋರಿಸುವವರೇ ಅವರು? "ಗಂಜಿ ತಿಳಿ ಹೊಯ್ಯುದ್ ಮಾರಾಯ! ಅಂಗಿಗೆ ಗಂಜಿ ಹಾಕಿರೆ ಗಟ್ಟಿ ಆತ್ತಿಲ್ಯಾ? ಇದೂ ಹಾಂಗೇ!" ಕುಚ್ಚಲಕ್ಕಿ ಗಂಜಿಯ ತಿಳಿ ಎರಡು ತಂಬಿಗೆ ಒಳಗೆ ಹೋಯಿತು. ಆಶ್ಚರ್ಯವೆಂದರೆ ಸೋರುವುದು ನಿಂತಿತು! ಆದರೆ ಕೋಟೇಶ್ವರ ಮುಟ್ಟುವಷ್ಟರಲ್ಲಿ ಗಂಜಿ ಉಕ್ಕಿ ಬಾನೆಟ್ಟಿನಿಂದ ನೊರೆ ಇಳಿಯತೊಡಗಿತು. ದಾರಿಹೋಕರೊಬ್ಬರು ಮೂಸಿ ನೋಡಿ, "ಹ್ವಾಯ್, ಉಪ್ಪಿನಕಾಯಿ ಇತ್ತಾ?" ಎಂದು ಕೇಳಿದರು.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಮದುವೆಯ ದಿನ ಪುರೋಹಿತ ಭಟ್ಟರನ್ನು ಕರೆತರುವ ಕೆಲಸವನ್ನು ಅವರಿಗೇ ಒಪ್ಪಿಸಿದೆವಲ್ಲ, ನಮ್ಮ ಬುದ್ಧಿಗೆ ಏನನ್ನಬೇಕು! ಮುಹೂರ್ತಕ್ಕೆ ಹತ್ತು ನಿಮಿಷವಿದೆ, ಭಟ್ಟರಿಲ್ಲ. ಕೊನೆಗೆ ಬಂದರು, ಮುಂದೆ ಮಾವ, ಹಿಂದೆ ಕೊಡಪಾನ ಹಿಡಿದು ಬೆವರಿಳಿಸುತ್ತಾ ಭಟ್ಟರು. ಕಾರು ಅರ್ಧ ಮೈಲಿ ಹಿಂದೆ! ತಾಳಿ ಹೇಗೋ ಹೊತ್ತಿಗೆ ಸರಿಯಾಗಿ ಹುಡುಗಿಯ ಕೊರಳಿಗೆ ಬಿತ್ತು. ಆದರೆ ಅಮ್ಮನ ಸಿಟ್ಟು ಇಳಿಯಲಿಲ್ಲ. ಊಟದ ಪಂಕ್ತಿಯಲ್ಲೇ, "ಆ ಕಾರನ್ನ ಗುಜ್ರಿಗೆ ಹಾಕ್!" ಎಂದಳು. ಮಾವ ಎಲೆ ಬಿಟ್ಟು ಎದ್ದರು. "ಅಕ್ಕಾ, ಇನ್ ನೀನಾಗೇ ಕರಿಯುವರೆಗೆ ನಿನ್ ಮನಿ ಮೆಟ್ಲ್ ಹತ್ತುದಿಲ್ಲೆ."

ಅಮ್ಮ ಕರೆಯಲಿಲ್ಲ. ಮಾವ ಹತ್ತಲಿಲ್ಲ. ತಬ್ಬಲಿಗಳಾಗಿ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಕ್ಕ ತಮ್ಮಂದಿರು ಎರಡು ವರ್ಷ ಮಾತಿಲ್ಲದೆ ಕಳೆದರು.

ಆದರೆ ಕಾರಿಗೆ ಯಾರ ಹಂಗು? ಮಾವ ಪ್ರತಿ ಶನಿವಾರ ಕುಂದಾಪುರದ ಸಂತೆಗೆ ಹೋಗುವವರು. ನೆಟ್ಟಗೆ ಹೆದ್ದಾರಿ ಇದೆ. ಅದನ್ನು ಬಿಟ್ಟು ಬೀಜಾಡಿಯ ನಮ್ಮ ಒಳರಸ್ತೆಗೇ ಬರುವರು. ಏಕೆ ಎಂದು ಕೇಳಿದರೆ, "ಕಡಲ್ ಗಾಳಿಗೆ ಇಂಜಿನ್ ತಂಪಾತ್ತ್" ಎನ್ನುವರು. ತಂಪಾದ ಇಂಜಿನ್ನು ಸರಿಯಾಗಿ ನಮ್ಮ ಗೇಟಿನೆದುರು ಕುದಿಯುವುದು! ಅಮ್ಮ ಮುಖ ಊದಿಸಿಕೊಂಡು ಕೊಡಪಾನ ತಂದು ಗೇಟಿನ ಹೊರಗೆ ಕುಕ್ಕುವಳು. ಮಾವ ಒಂದು ಗುಟುಕು ರುಚಿ ನೋಡಿ, ಕಾರಿನೊಂದಿಗೇ ಮಾತನಾಡುವಂತೆ, "ಇದ್ ಸಿಹಿ ನೀರ್. ಸುತ್ತ್ ಹತ್ತೂರಗೆ ಇಂಥಾ ನೀರಿಲ್ಲೆ" ಎನ್ನುವರು. ಅಮ್ಮ ಮುಖ ತಿರುಗಿಸಿ ಒಳಗೆ ಬರುವಳು. ವಾರದ ಭೇಟಿ ಮುಗಿಯಿತು.

ಇಷ್ಟಾದರೂ ತಿಳಿಯದ ಪೆದ್ದ ನಾನು! ಕಾರು ಕುದಿಯುವುದು ನಿಂತರೆ ಜಗಳದ ಬೇರೇ ಕಿತ್ತುಹೋದೀತು ಎಂದುಕೊಂಡೆ. ಮಾವ ಹದಿನೈದು ದಿನ ಮುಂಬೈಗೆ ಹೊರಟಾಗ ಕಾರನ್ನು ನೋಡಿಕೋ ಎಂದು ಕೀಲಿಯನ್ನು ಗೇಟಿನ ಮೇಲಿಂದಲೇ ನನ್ನ ಕೈಗಿತ್ತರು. ನಾನು ಕಾರನ್ನು ನೇರ ಕುಂದಾಪುರದ ಮೆಕ್ಯಾನಿಕ್ಕಿನ ಬಳಿಗೆ ಒಯ್ದೆ. ಅವನು ರೇಡಿಯೇಟರ್ ಬಿಚ್ಚಿ, ಒಣಗಿದ ಗಂಜಿಯ ಬಿಲ್ಲೆಗಳನ್ನು ಎಬ್ಬಿಸುತ್ತಾ, "ಎಂತ ಮಾರ್ರೆ, ಇದ್ರೊಳಗೆ ಹಪ್ಪಳ ಒಣಗ್ಸಿದ್ದ್ ಯಾರ್?" ಎಂದ. ನನಗೆ ಗೊತ್ತಿಲ್ಲ ಎಂದೆ. ಕೊಳವೆ ಬದಲಾಯಿತು, ನೀರಿನ ಪಂಪು ಹೊಸತಾಯಿತು.

ಮಾವ ಮುಂಬೈಯಿಂದ ಮರಳಿದ ಮೇಲಿನ ಮೊದಲ ಶನಿವಾರ ಕಾರು ಬಂತು. ಅಮ್ಮ ಕೊಡಪಾನ ತುಂಬಿಸಿ ಗೇಟಿನಲ್ಲಿ ನಿಂತಿದ್ದಳು. ಗೇಟಿನೆದುರು ಕಾರು ನಿಧಾನವಾಯಿತು. ಹಬೆಯಿಲ್ಲ. ಮಾವ ಬಾನೆಟ್ಟನ್ನು ನೋಡಿದರು, ಅಮ್ಮನನ್ನು ನೋಡಿದರು, ಪೆಚ್ಚುಮುಖ ಮಾಡಿಕೊಂಡು ಮುಂದೆ ಹೋದರು. ಅಮ್ಮ ಆ ನೀರನ್ನು ಮಲ್ಲಿಗೆ ಗಿಡಕ್ಕೆ ಸುರಿದಳು. ಮರುವಾರವೂ ಹಾಗೆಯೇ. ಆ ರಾತ್ರಿ ಅವಳು ಸರಿಯಾಗಿ ಉಣ್ಣಲಿಲ್ಲ. ನಾನು ಮಾಡಿದ ಉಪಕಾರಕ್ಕೆ ನನಗೇ ನಾಚಿಕೆಯಾಯಿತು.

ಮೂರನೆಯ ಶನಿವಾರ ಅಮ್ಮ ರಸ್ತೆಯ ನಡುವೆ ಹೋಗಿ, ಬಸ್ಸಿಗೆ ಹಿಡಿಯುವಂತೆ ಕೈ ಅಡ್ಡ ಹಿಡಿದಳು. ಕಾರು ಗಕ್ಕನೆ ನಿಂತಿತು.

"ಎಂತ, ನೀರ್ ಬ್ಯಾಡ್ದಾ?"

"ಬಿಸಿಯೇ ಆತ್ತಿಲ್ಲೆ ಅಕ್ಕಾ" ಎಂದರು ಮಾವ, ಅಳುಮೋರೆಯಲ್ಲಿ. "ನಿನ್ ಮಗ ಹಾಳ್ ಮಾಡ್ ಹಾಕ್ದ."

"ಹಾಂಗಾರೆ ನೀನ್ ಕುಡಿ. ಒಳಗ್ ಬಾ."

ಮಾವ ಮೆಟ್ಟಿಲು ಹತ್ತಿದರು. ಜಗಲಿಯಲ್ಲಿ ಕುಳಿತು ಲೋಟ ಎತ್ತಿದರು. ಅಭ್ಯಾಸಬಲ ನೋಡಿ, ಮೊದಲ ಗುಟುಕನ್ನು ನಾಲಗೆಯ ಮೇಲೆ ಹೊರಳಾಡಿಸಿ, ಕಣ್ಣು ಮುಚ್ಚಿ, ತೀರ್ಪು ಕೊಟ್ಟರು:

"ಅಕ್ಕಾ, ಉಪ್ಪಾಯ್ತಲ್ಲೆ!"

"ಬಾವಿ ನೀರ್ ಉಪ್ಪಾಯ್ಲಿಲ್ಲ ಮಾರಾಯ" ಎಂದು ಅಮ್ಮ ತನ್ನ ಸೆರಗನ್ನು ಅವರ ಕೈಗೆ ಕೊಟ್ಟಳು. "ಮೊದ್ಲ್ ಕಣ್ಣ್ ಒರ್ಸ್ಕೊ."