ಗೋಡೆಗೆ ಅಂಟಿದ ಏನನ್ನೂ ಮುಟ್ಟಬಾರದು

ನಡುಮನೆಯಲ್ಲಿ ಕುದುರೆಯಂತೆ ಓಡುವ ಇಂಟರ್‌ನೆಟ್ಟು ಮಹಡಿ ಮೆಟ್ಟಿಲ ಬಳಿ ಬಂದೊಡನೆ ಮಂಡಿ ಹಿಡಿದುಕೊಂಡು ಕೂತುಬಿಡುತ್ತಿತ್ತು. ಸಹಾಯಕ ಲೈಬ್ರರಿಯನ್ ಸಾಹೇಬರಿಗೆ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು. ಶನಿವಾರ ಹನ್ನೊಂದಕ್ಕೆ ಮುಖ್ಯ ಲೈಬ್ರರಿಯನ್ ಹುದ್ದೆಯ ಸಂದರ್ಶನ, ಅದೂ ವಿಡಿಯೋದಲ್ಲಿ. ಒಂಬತ್ತು ವರ್ಷ ಬಾಯಿಬಿಟ್ಟುಕೊಂಡು ಕಾದ ಹುದ್ದೆ. ನಡುಮನೆಯಲ್ಲೇ ಕೂರೋಣವೆಂದರೆ ಅದು ಹೆಂಡತಿಯ ಹೊಲಿಗೆ ಸಾಮ್ರಾಜ್ಯ. ಯಾವುದೋ ನಾಟಕದವರ ಹನ್ನೆರಡು ನಿಲುವಂಗಿಗಳು ಅಲ್ಲಿ ಇಸ್ತ್ರಿಗಾಗಿ ಸರದಿ ನಿಂತಿದ್ದವು.

ಆಗ ಅಂಗಡಿಯವನೊಬ್ಬ ಎರಡು ಬಿಳಿ ಡಬ್ಬಿ ಕೊಟ್ಟ. ಒಂದನ್ನು ರೌಟರ್ ಪಕ್ಕದ ಪ್ಲಗ್ಗಿಗೆ, ಇನ್ನೊಂದನ್ನು ಮಹಡಿ ಕೋಣೆಯ ಪ್ಲಗ್ಗಿಗೆ ಚುಚ್ಚಿದರೆ ಸಾಕು, ಕರೆಂಟಿನ ತಂತಿಯೊಳಗೇ ನೆಟ್ಟು ಹರಿದು ಬರುತ್ತದಂತೆ. ಡಬ್ಬಿಯನ್ನು ನೇರವಾಗಿ ಗೋಡೆಗೇ ಚುಚ್ಚಬೇಕೆಂದು ಜೊತೆಗಿದ್ದ ಕಾಗದ ಹೇಳಿತು. ಕೆಳಗೆ ರೌಟರ್ ಬಳಿ ಗೋಡೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಸಾಹೇಬರು ಜಾಗ ಮಾಡಿಕೊಂಡು ಚುಚ್ಚಿದರು, ಮಹಡಿಗೆ ಓಡಿ ಅಲ್ಲಿಯೂ ಚುಚ್ಚಿದರು. ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪಿನಲ್ಲಿ ನೆಟ್ಟು ಬಂದೇ ಬಂತು. (ಆ ಸಂಜೆ ಅವರ ನಡಿಗೆಯೇ ಬೇರೆಯಾಗಿತ್ತು.)

ಮರುದಿನ ನೆಟ್ಟು ಹೋಯಿತು. ಕೆಳಗೆ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ತಂತಿಯಲ್ಲಿ ಇಸ್ತ್ರಿಯೂ ನೆಟ್ಟೂ ಡಿಕ್ಕಿ ಹೊಡೆದಿವೆ ಎಂದು ತೀರ್ಪಾಗಿ ಇಸ್ತ್ರಿ ನಿಂತಿತು. ಮಧ್ಯಾಹ್ನ ಮತ್ತೆ ಹೋಯಿತು, ಮಿಕ್ಸಿ ನಿಂತಿತು. ಬಟ್ಟೆ ಒಗೆಯುವ ಯಂತ್ರವೂ ನಿಂತಿತು. ಎಲ್ಲ ಆರಿಸಿದ್ದಾಗಲೂ ನೆಟ್ಟು ಹೋಗುತ್ತಿತ್ತು, ಸಾಹೇಬರು ಮನೆಯಲ್ಲಿಲ್ಲವೆಂದುಕೊಂಡು ಹೆಂಡತಿ ಎಲ್ಲವನ್ನೂ ಒಟ್ಟಿಗೆ ಓಡಿಸಿದ ದಿನ ಅದು ಗುಂಡುಕಲ್ಲಿನ ಹಾಗೆ ಇತ್ತು. ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಹೋದ ಹೊತ್ತು, ಬಂದ ಹೊತ್ತು ಬರೆದಿಟ್ಟು ನೋಡಿದರೆ ನೆಟ್ಟು ಹೋಗುವುದಕ್ಕೂ ಅತ್ತೆಯವರು ಫೋನ್ ಮಾಡುವುದಕ್ಕೂ ಏನೋ ಸಂಬಂಧವಿದ್ದಂತೆ ಕಂಡಿತು. ಅದನ್ನು ಹೇಳುವ ಧೈರ್ಯ ಬರಲಿಲ್ಲ. ಬದಲಿಗೆ ಕರೆಗಂಟೆ ಕಿತ್ತು ಹಾಕಿದರು. ಆಮೇಲೆ ಆಜ್ಞೆ ಹೊರಡಿಸಿದರು: ಶನಿವಾರದವರೆಗೆ ಗೋಡೆಗೆ ಅಂಟಿದ ಏನನ್ನೂ ಯಾರೂ ಮುಟ್ಟಬಾರದು.

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಇದು ವಿಜ್ಞಾನ, ನಡುವೆ ಬಾಯಿ ಹಾಕಬೇಡ ಎಂದರು.

ಈ ನಡುವೆ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಬಂದು ತಮ್ಮ ನೆಟ್ಟು ಯಾಕೋ ಕುಂಟುತ್ತಿದೆ ಎಂದು ಗೋಳು ಹೇಳಿಕೊಂಡರು. ಎರಡೂ ಮನೆಗೆ ಗೋಡೆ ಒಂದೇ, ಮೀಟರ್ ಪೆಟ್ಟಿಗೆ ಒಂದೇ. ಸಾಹೇಬರು ಅರ್ಧ ಗಂಟೆ ಉಪದೇಶ ಕೊಟ್ಟು ಕಳಿಸಿದರು.

ಶನಿವಾರ ಬಂತು. ಫ್ರಿಜ್ ಸಹಿತ ಎಲ್ಲವೂ ಸತ್ತಂತೆ ಬಿದ್ದಿತ್ತು. ಫ್ಯಾನಿಲ್ಲದ ನಡುಮನೆಯಲ್ಲಿ ಹೆಂಡತಿ ತಣ್ಣಗಿನ ಇಸ್ತ್ರಿಪೆಟ್ಟಿಗೆಯ ಮುಂದೆ ಬೆವರುತ್ತಾ ಕೂತಿದ್ದಳು. ಮೇಲೆ ಸಂದರ್ಶನ ಹೂವೆತ್ತಿದಂತೆ ಸಾಗುತ್ತಿತ್ತು. ನಿಮ್ಮ ದೊಡ್ಡ ಗುಣ ಯಾವುದು ಎಂದು ಆಯ್ಕೆ ಸಮಿತಿಯ ಅಧ್ಯಕ್ಷರು ಕೇಳಿದರು.

“ಯಾವ ತೊಂದರೆ ಬಂದ್ರೂ ಸರ್, ನಾನು ಮೂಲಕ್ಕೇ ಹೋಗಿ ನೋಡ್ತೀನಿ,” ಎಂದರು ಸಾಹೇಬರು. ಅಧ್ಯಕ್ಷರು ಬಾಯಿ ತೆರೆದವರು ತೆರೆದಂತೆಯೇ ನಿಂತುಹೋದರು. ನೆಟ್ಟು ಹೋಗಿತ್ತು.

ಎದ್ದೆನೋ ಬಿದ್ದೆನೋ ಎಂದು ಕೆಳಗೆ ಬಂದರೆ ಬಾಗಿಲು ಬಡಿಯುವ ಸದ್ದು. ಹಲ್ಲಿನ ಡಾಕ್ಟರು.

“ನಮ್ಮನೇಲೂ ಇಂಥವೇ ಎರಡು ಬಿಳಿ ಡಬ್ಬಿ ಇವೆ,” ಎಂದರು. “ಹೊರಗೆ ಹೋಗೋವಾಗೆಲ್ಲ ಆರಿಸಿಯೇ ಹೋಗ್ತೀನಿ. ಆದ್ರೂ ಯಾರೋ ಅದರಿಂದ ನನ್ನ ನೆಟ್ಟು ಎಳೀತಿದಾರೆ. ಸಾಕಾಗಿ ಈಗಷ್ಟೇ ಕಿತ್ತುಹಾಕಿ ಬಂದೆ. ಅದು ಯಾರೂಂತ ನೀವೇ ಕಂಡುಹಿಡೀಬೇಕು.”

ಸಾಹೇಬರು ತಮ್ಮ ರೌಟರ್ ಕಡೆ ತಿರುಗಿದರು. ಅದರಲ್ಲಿ ಒಂದು ದೀಪವೂ ಇರಲಿಲ್ಲ. ಅದರ ತಂತಿ ನೆಲದ ಮೇಲೆ ಸುಮ್ಮನೆ ಮಲಗಿತ್ತು. ಇಷ್ಟು ದಿನ ಮಹಡಿಗೆ ಹರಿದು ಬಂದದ್ದೆಲ್ಲ ಡಾಕ್ಟರ ನೆಟ್ಟು.

“ಡಬ್ಬಿ ಚುಚ್ಚೋಕೆ ಜಾಗ ಬೇಕೂಂತ ಅವತ್ತು ನೀವೇ ಕಿತ್ತಿದ್ದು,” ಎಂದಳು ಹೆಂಡತಿ. “ವಿಜ್ಞಾನ ಅಂದ್ರಿ. ನಾನು ಮುಟ್ಲಿಲ್ಲ.”

ಅವಳೇ ಎದ್ದು ಬಿಳಿ ಡಬ್ಬಿ ಕಿತ್ತು ರೌಟರ್ ಚುಚ್ಚಿದಳು. ಫ್ಯಾನ್ ಹಾಕಿದಳು. ಇಸ್ತ್ರಿಯನ್ನೂ ಕಾಯಲು ಇಟ್ಟಳು. ಸಾಹೇಬರು ಲ್ಯಾಪ್‌ಟಾಪ್ ತಂದು ಇಸ್ತ್ರಿ ಮೇಜಿನ ತುದಿಯಲ್ಲಿ, ನಿಲುವಂಗಿಗಳ ನಡುವೆ ಕೂತರು. ಅಧ್ಯಕ್ಷರು ಪುಣ್ಯಕ್ಕೆ ಇನ್ನೂ ಅಲ್ಲೇ ಇದ್ದರು.

“ಏನಾಯ್ತು? ಮೂಲ ಸಿಕ್ತಾ?” ಎಂದು ಕೇಳಿದರು.

ಸಾಹೇಬರು ಗಂಟಲು ಸರಿಮಾಡಿಕೊಂಡು ವಿದ್ಯುತ್ ತರಂಗಗಳ ಬಗ್ಗೆ ಶುರುಮಾಡುವಷ್ಟರಲ್ಲಿ ಹಬೆಯ ಹಿಂದಿನಿಂದ ಹೆಂಡತಿ ಹೇಳಿದಳು, “ಸಿಕ್ತು ಸರ್. ಪ್ಲಗ್ ಹಾಕಿರ್ಲಿಲ್ಲ.”

ವಾರದೊಳಗೆ ಆದೇಶ ಬಂತು. ಹುದ್ದೆ ಸಿಕ್ಕಿತ್ತು. ಕೆಳಗೊಂದು ಸಾಲು ಕೈಬರಹದಲ್ಲಿತ್ತು: ಲೈಬ್ರರಿಯ ಕಂಪ್ಯೂಟರುಗಳನ್ನು ಬೇರೆಯವರು ನೋಡಿಕೊಳ್ಳುತ್ತಾರೆ, ಮುಖ್ಯ ಲೈಬ್ರರಿಯನ್ನರು ಗೋಡೆಗೆ ಅಂಟಿದ ಏನನ್ನೂ ಮುಟ್ಟಬಾರದು. ಅಧ್ಯಕ್ಷರಿಗೆ ಆ ಮಾತು ಹೇಳಿಕೊಟ್ಟವರು ಯಾರೆಂದು ಸಾಹೇಬರು ಕೇಳಲಿಲ್ಲ. ನಾಟಕದವರ ನಿಲುವಂಗಿಗಳಲ್ಲಿ ಒಂದು ಅಧ್ಯಕ್ಷರದ್ದೇ, ಒಯ್ಯಲು ಅವರೇ ಬಂದಿದ್ದರು ಎಂದು ಹೆಂಡತಿ ತಾನಾಗಿಯೇ ಹೇಳಿದಳು.